ಸ್ಪಷ್ಟನೆ: ಪ್ಯಾರಾವರ್ಚುವಲೈಸೇಶನ್ ಮೂಲೆಗೆ ಸೇರಿಲ್ಲ

‘ಪ್ರೊಸೆಸರಿನಲ್ಲೇ ವರ್ಚುವಲೈಸೇಶನ್ ಸೌಲಭ್ಯ ಬಂದ ಮೇಲೆ ಪ್ಯಾರಾವರ್ಚುವಲೈಸೇಶನ್‌ಗೆ ಕೆಲಸವಿಲ್ಲ, ಲಿನಕ್ಸ್ ಕೂಡ ಅದನ್ನು ಕೈಬಿಟ್ಟಿದೆ’ ಎಂಬ ಮಾತು ಹರಿದಾಡುತ್ತಿದೆ. ಇದರಲ್ಲಿ ಅರ್ಧದಷ್ಟೇ ನಿಜವಿದೆ. ವರ್ಚುವಲೈಸೇಶನ್ ಎಂದರೆ ಒಂದೇ ಕಂಪ್ಯೂಟರಿನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವುದು; ಒಳಗೆ ಓಡುವ ಆಪರೇಟಿಂಗ್ ಸಿಸ್ಟಂ ತಾನು ಅಂಥ ಯಂತ್ರದಲ್ಲಿದ್ದೇನೆಂದು ತಿಳಿದು, ಅದಕ್ಕೆ ತಕ್ಕಂತೆ ಸಹಕರಿಸುವುದೇ ಪ್ಯಾರಾವರ್ಚುವಲೈಸೇಶನ್.

2003ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಝೆನ್ ಹೈಪರ್‌ವೈಸರನ್ನು (ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ) ಪ್ರಕಟಿಸಿದಾಗ, ಅದರ ಮೇಲೆ ಓಡುವ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲನ್ನೇ ತಿದ್ದಬೇಕಿತ್ತು. 2005-06ರಲ್ಲಿ ಬಂದ ಇಂಟೆಲ್ ವಿಟಿ-ಎಕ್ಸ್ ಮತ್ತು ಎಎಂಡಿ-ವಿ ಎಂಬ ಪ್ರೊಸೆಸರ್ ಸೌಲಭ್ಯಗಳು ಆ ಅನಿವಾರ್ಯತೆಯನ್ನು ತಪ್ಪಿಸಿದವು. ಲಿನಕ್ಸ್ 2.6.37ನೇ ಆವೃತ್ತಿಯಲ್ಲಿ ತೆಗೆದುಹಾಕಿದ್ದಾದರೂ ವಿಎಂವೇರ್‌ನ ವಿಎಂಐ ಎಂಬ ಒಂದು ಪ್ಯಾರಾವರ್ಚುವಲೈಸೇಶನ್ ಇಂಟರ್‌ಫೇಸನ್ನು ಮಾತ್ರ.

ಡಿಸ್ಕ್ ಮತ್ತು ನೆಟ್‌ವರ್ಕಿನ ವಿಷಯವೇ ಬೇರೆ. ನಿಜವಾದ ನೆಟ್‌ವರ್ಕ್ ಕಾರ್ಡನ್ನು ಅನುಕರಿಸಿದರೆ, ಡ್ರೈವರ್ ಅದರ ರಿಜಿಸ್ಟರನ್ನು (ಕಾರ್ಡನ್ನು ನಿಯಂತ್ರಿಸುವ ಜಾಗ) ಮುಟ್ಟಿದಾಗಲೆಲ್ಲ ನಿಯಂತ್ರಣ ಹೈಪರ್‌ವೈಸರಿಗೆ ಜಿಗಿಯಬೇಕಾಗುತ್ತದೆ. 2.6.24ರಿಂದ ಲಿನಕ್ಸ್‌ನಲ್ಲಿರುವ ವರ್ಟ್‌ಐಒ ಎಂಬ ವರ್ಚುವಲ್ ಸಾಧನಗಳ ವ್ಯವಸ್ಥೆ, ಎರಡೂ ಕಡೆಯವರು ಹಂಚಿಕೊಂಡ ಮೆಮೊರಿಯ ಸರತಿಯಲ್ಲಿ ಹಲವು ಪ್ಯಾಕೆಟ್‌ಗಳನ್ನು ಜೋಡಿಸಿಟ್ಟು ಒಮ್ಮೆ ಸೂಚನೆ ಕೊಡುವುದರಿಂದ ಈ ಜಿಗಿತಗಳು ಬಹಳ ಕಡಿಮೆಯಾಗುತ್ತವೆ. ಇದೂ ಪ್ಯಾರಾವರ್ಚುವಲೈಸೇಶನ್ನೇ. ಲಿನಕ್ಸ್‌ನದೇ ಹೈಪರ್‌ವೈಸರ್ ಆದ ಕೆವಿಎಂ ಮೇಲಿನ ಲಿನಕ್ಸ್‌ನಲ್ಲಿ ಸಮಯದ ಮೂಲ ಯಾವುದೆಂದು ನೋಡಿದರೆ ಸಾಮಾನ್ಯವಾಗಿ ‘ಕೆವಿಎಂ-ಕ್ಲಾಕ್’ ಎಂದೇ ಕಾಣುತ್ತದೆ; ಅದೂ ಪ್ಯಾರಾವರ್ಚುವಲೈಸೇಶನ್ ಬಗೆಯದೇ.

ಈ ತಪ್ಪು ತಿಳಿವಳಿಕೆಯಿಂದ ತೊಂದರೆಯೂ ಇದೆ. ವರ್ಟ್‌ಐಒ ಡಿಸ್ಕ್ ಕೊಟ್ಟು ವಿಂಡೋಸ್ ಸ್ಥಾಪಿಸಲು ಹೊರಟವರಿಗೆ ಡಿಸ್ಕ್‌ಗಳ ಪಟ್ಟಿ ಖಾಲಿ ಕಾಣಿಸುತ್ತದೆ. ವಿಂಡೋಸ್‌ನಲ್ಲಿ ವರ್ಟ್‌ಐಒ ಡ್ರೈವರ್ ಇರದ ಕಾರಣ ಅದನ್ನು ಪ್ರತ್ಯೇಕವಾಗಿ ಲೋಡ್ ಮಾಡಬೇಕು.