ಉಡಿ ತುಂಬಿಸಿಕೊಂಡು ಸಹಿ ಹಾಕಿದವಳ ಮಾತು

2008ರ ಬೇಸಿಗೆಯಲ್ಲಿ ಒಂದು ದಿನ ನಾವು ಮೂವರು ಅಕ್ಕತಂಗಿಯರು ನೋಂದಣಿ ಕಚೇರಿಯ ಮುಂದಿನ ಬೇವಿನ ಮರದ ನೆರಳಿನಲ್ಲಿ ಕುಳಿತು ನಮ್ಮ ಸರದಿಗಾಗಿ ಕಾಯುತ್ತಿದ್ದೆವು. ಕಾರಟಗಿ ಕಡೆಯ ನಮ್ಮೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಒಂಬತ್ತು ಎಕರೆ ಪಿತ್ರಾರ್ಜಿತ ಹೊಲ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಅಂದು ಬೆಳಿಗ್ಗೆ ಹಿರಿಯ ಅತ್ತಿಗೆ ನಮ್ಮನ್ನು ದೇವರ ಜಗಲಿಯ ಮುಂದೆ ಮಣೆಯ ಮೇಲೆ ಕೂಡ್ರಿಸಿ, ಅರಿಶಿನ ಕುಂಕುಮವಿಟ್ಟು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಕುಪ್ಪಸದ ಕಣ ಹಾಕಿ ಉಡಿ ತುಂಬಿದ್ದರು. ಮಧ್ಯಾಹ್ನ ನಮ್ಮ ಪಾಲನ್ನು ಅಣ್ಣಂದಿರಿಬ್ಬರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆವು. ಸಾಕ್ಷಿಗೆಂದು ಬಂದಿದ್ದ ಊರಿನ ಹಿರಿಯರೊಬ್ಬರು, "ನಮ್ಮ ಹೆಣ್ಮಕ್ಕಳು ಭಾಳ ಧರ್ಮವಂತ್ರಪಾ, ತವರಮನಿ ಬಾಗಿಲ ತೆರದ ಇಟಗೊಂಡ್ರು" ಎಂದರು. ಆ ಮಾತಿಗೆ ನಾನು ಅಂದು ಹಿಗ್ಗಿದ್ದೆ ಎಂಬುದನ್ನು ಈಗ ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಕಳೆದ ವಾರ ಬಂಧುಗಳ ಮನೆಯೊಂದರಲ್ಲಿ, ಧರ್ಮವಿಲ್ಲದಿದ್ದರೆ ನೀತಿ ಎಲ್ಲಿಂದ ಬರಬೇಕು ಎಂಬ ಚರ್ಚೆ ಎದ್ದಾಗ ಈ ಹಳೆಯ ಮಾತು ನೆನಪಿಗೆ ಬಂತು. ನಾನು ನಾಸ್ತಿಕಳಲ್ಲ. ಹುಣ್ಣಿಮೆಗೆ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಕಾಯಿ ಒಡೆಸುತ್ತೇನೆ, ಗವಿಮಠದ ಜಾತ್ರೆ ಬಂತೆಂದರೆ ದಾಸೋಹಕ್ಕೆ ರೊಟ್ಟಿ ಬಡಿಯುವ ಹೆಂಗಸರ ಜೊತೆ ನಾನೂ ಒಲೆಯ ಮುಂದೆ ಕೂಡುತ್ತೇನೆ. ಧರ್ಮದಿಂದ ನೀತಿ ಬರುತ್ತದೆಯೇ ಎಂಬುದು ನನ್ನ ತಕರಾರಲ್ಲ. ಅಂದು ಕಚೇರಿಯ ಮುಂದೆ ಹೊಲ ಬಿಟ್ಟುಕೊಟ್ಟವರನ್ನು ಧರ್ಮವಂತರೆಂದು ಕರೆದ ಹಿರಿಯರು, ಅದನ್ನು ಪಡೆದುಕೊಂಡವರನ್ನು ಏನೆಂದೂ ಕರೆಯಲಿಲ್ಲ. ಅವರನ್ನು ಅಳೆಯುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಈ ಅಳತೆಗೋಲು ದೂರದಿಂದ ಬಂದದ್ದಲ್ಲ, ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಬರೆದದ್ದು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರವರೆಗಿನ ಆಳ್ವಿಕೆಯಲ್ಲಿ, ಕಲ್ಯಾಣದ ಆಶ್ರಯದಲ್ಲಿದ್ದ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಅದರ ನಿಲುವು ಬಂಗಾಳ ಮುಂತಾದ ಕೆಲವು ಪ್ರದೇಶಗಳನ್ನು ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳ ಕಾನೂನಾಯಿತು. ಮಗಳಿಗೆ ಆ ಹುಟ್ಟಿನ ಹಕ್ಕು ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ವಿಜ್ಞಾನೇಶ್ವರರು ಸ್ತ್ರೀಧನದ ವಿಷಯದಲ್ಲಿ ಉದಾರಿಯಾಗಿದ್ದರು. ಹೆಣ್ಣಿಗೆ ವಾರಸಿನಿಂದ ಬಂದದ್ದು, ಅವಳು ಕೊಂಡದ್ದು, ಪಾಲಿನಲ್ಲಿ ಪಡೆದದ್ದು ಎಲ್ಲವೂ ಅವಳದೇ ಎಂದು ಅವರು ಅರ್ಥೈಸಿದ್ದರು. ಅದನ್ನು ಕಿರಿದುಗೊಳಿಸಿದ್ದು ಬ್ರಿಟಿಷರ ಕಾಲದ ನ್ಯಾಯಾಲಯಗಳು. ಶಾಸ್ತ್ರದಲ್ಲಿ ಹೆಣ್ಣಿಗೆ ಅನುಕೂಲವಾದದ್ದು ಕಳೆದುಹೋಗಿ, ಗಂಡಿಗೆ ಅನುಕೂಲವಾದದ್ದು ಮಾತ್ರ ಸನಾತನವಾಗಿ ಉಳಿಯುವ ಈ ಚಮತ್ಕಾರವನ್ನು ಯಾವ ಪಂಡಿತರೂ ನನಗೆ ವಿವರಿಸಿಲ್ಲ.

ಮಗನಿಲ್ಲದ ಮನೆಯಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಬಳ್ಳಾರಿ ಸೀಮೆಯಲ್ಲಿ ಒಂದು ಉತ್ತರವಿತ್ತು: ಮಗಳೊಬ್ಬಳನ್ನು ಬಸವಿ ಬಿಡುವುದು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ದೇವರಿಗೆ ಸಮರ್ಪಿಸಿದ ಮೇಲೆ ಅವಳು ಮದುವೆಯಾಗಿ ಬೇರೆ ಮನೆಗೆ ಹೋಗುವಂತಿರಲಿಲ್ಲ. ತಂದೆಯ ಮನೆಯಲ್ಲೇ ಉಳಿದು, ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ, ತಂದೆಯ ಉತ್ತರಕ್ರಿಯೆಯನ್ನೂ ಮಾಡುತ್ತಿದ್ದಳು, ಅವಳ ಮಕ್ಕಳು ಆ ಮನೆಯ ಹೆಸರನ್ನೇ ಮುಂದುವರಿಸುತ್ತಿದ್ದರು. ಕೆಲವರು ಇದನ್ನು ಹಿಂದಿನವರು ಹೆಣ್ಣಿಗೆ ಕೊಟ್ಟ ಗೌರವವೆಂದು ಹಾಡಿಹೊಗಳುವುದುಂಟು. ನನಗೆ ಅದರಲ್ಲಿ ಕಾಣುವುದು ಬೇರೆ: ಹೆಣ್ಣು ಹೆಣ್ಣಾಗಿಯೇ ಇದ್ದು ಹೊಲದ ಒಡತಿಯಾಗಲು ಬಾರದಿದ್ದಾಗ, ಅವಳನ್ನು ಗಂಡಾಗಿಸಲು ದೇವರನ್ನು ಕರೆತರಲಾಯಿತು, ಮತ್ತು ಅದರ ಬೆಲೆಯನ್ನು ಅವಳು ತನ್ನ ಮೈಯಿಂದ ತೆತ್ತಳು. ಮನೆಯಲ್ಲಿ ಬೇನೆ ಬಂದರೂ, ಮಳೆ ಹೋದರೂ, ತಲೆಗೂದಲು ಜಡೆಗಟ್ಟಿದರೂ ಹರಕೆಯಾಗಿ ಮುತ್ತು ಕಟ್ಟಿಸಿಕೊಂಡವಳು ಹುಡುಗಿಯೇ, ಅದರಲ್ಲಿಯೂ ಬಹುಪಾಲು ದಲಿತರ ಕೇರಿಯ ಹುಡುಗಿ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಇದರ ನಿಷೇಧ 1947ರಲ್ಲೇ ಬಂತು, ಇಡೀ ರಾಜ್ಯಕ್ಕೆ ಅನ್ವಯಿಸುವ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಆ ಕಾಯ್ದೆಯಲ್ಲಿ ಹೊರಗಿನವರಿಗಿಂತ ತಂದೆತಾಯಿ, ಪೋಷಕರಿಗೇ ಹೆಚ್ಚಿನ ಶಿಕ್ಷೆ ಇತ್ತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ, ದಾಖಲಾತಿ ಅರ್ಜಿಯ ತಂದೆಯ ಹೆಸರಿನ ಜಾಗಕ್ಕೆ ಬಂದೊಡನೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ ತಾಯಂದಿರನ್ನು ಕಂಡಿದ್ದೇನೆ. ಆ ಮಕ್ಕಳ ತಂದೆಯರು ಊರಿನಲ್ಲಿ ಮರ್ಯಾದಸ್ಥರಾಗಿಯೇ ಓಡಾಡಿಕೊಂಡಿದ್ದರು, ಜಾತ್ರೆಯಲ್ಲಿ ತೇರಿನ ಹಗ್ಗವನ್ನೂ ಹಿಡಿಯುತ್ತಿದ್ದರು.

ಇದು ಒಂದೇ ಮತದ ಕಥೆಯಲ್ಲ. ಕುರಾನ್ ಏಳನೆಯ ಶತಮಾನದಲ್ಲೇ ಮಗಳಿಗೆ ಮಗನ ಅರ್ಧದಷ್ಟು ಪಾಲನ್ನು ನಿಗದಿ ಮಾಡಿತ್ತು. ಆದರೆ ಷರಿಯತ್ ಅನ್ವಯಕ್ಕೆಂದು ಬಂದ 1937ರ ಕಾಯ್ದೆ ಕೃಷಿಭೂಮಿಯನ್ನೇ ಹೊರಗಿಟ್ಟಿತು. ನನ್ನ ಸಹೋದ್ಯೋಗಿಯಾಗಿದ್ದ ಮುಸ್ಲಿಂ ಗೆಳತಿಯೂ ಅಣ್ಣಂದಿರಿಗಾಗಿ ಪಾಲು ಬಿಟ್ಟವಳೇ. ನಮ್ಮಿಬ್ಬರ ದೇವರು ಬೇರೆಯಾದರೂ ಅಣ್ಣಂದಿರು ಆಡಿದ ಮಾತು ಒಂದೇ ಎಂದು ನಾವು ಆಮೇಲೆ ನಕ್ಕಿದ್ದೇವೆ.

ಹಾಗಾದರೆ ಧರ್ಮದೊಳಗಿಂದಲೇ ಎದುರು ಮಾತು ಬರಲಿಲ್ಲವೇ? ಬಂದಿದೆ, ಅದೂ ನಮ್ಮ ಪಕ್ಕದ ರಾಯಚೂರು ಜಿಲ್ಲೆಯಿಂದಲೇ. ವಿಜ್ಞಾನೇಶ್ವರರ ನಂತರ ಹೆಚ್ಚೆಂದರೆ ಅರ್ಧ ಶತಮಾನದಲ್ಲಿ, ಅದೇ ಕಲ್ಯಾಣಕ್ಕೆ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ಬಡ ದಂಪತಿ ಬಂದರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೆ ಸಲ್ಲದು, ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ತಂದಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ನಾನು ಮೂವತ್ತು ವರ್ಷ ಈ ಪಾಠ ಹೇಳಿದ್ದೇನೆ, ಆದರೆ ಅದರ ತಿರುಳು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ. ಇಲ್ಲಿ ಬಿಟ್ಟುಕೊಡು ಎಂದು ಹೇಳುವವಳು ಹೆಂಡತಿ, ಹೇಳಿಸಿಕೊಂಡು ತಲೆಬಾಗಿ ಹಿಂದಿರುಗಿಸುವವನು ಗಂಡ. ಹೆಚ್ಚು ಪಡೆದವನನ್ನು ನಿಲ್ಲಿಸಿ ಕೇಳುವ ಅಧಿಕಾರ ಹೆಣ್ಣಿಗಿದೆ ಎಂಬುದನ್ನು ಆ ಅಕ್ಕಿಯ ಪ್ರಸಂಗ ಸಹಜವಾಗಿ ಒಪ್ಪಿಕೊಂಡಿದೆ. ಆದರೆ ನಮ್ಮೂರಿನ ಶ್ರಾವಣದ ಪುರಾಣದಲ್ಲಿ ಶಾಸ್ತ್ರಿಗಳು ಲಕ್ಕಮ್ಮನನ್ನು ಹೇಳುವ ರೀತಿಯೇ ಬೇರೆ: ಅವಳು ಮಹಾ ಪತಿವ್ರತೆ, ಬಡತನದಲ್ಲಿಯೂ ಗಂಡನನ್ನು ಬಿಡದವಳು, ಇಂದಿನ ಹೆಣ್ಣುಮಕ್ಕಳು ಅವಳನ್ನು ನೋಡಿ ಕಲಿಯಬೇಕು. ಶರಣರು ಸೂತಕವಿಲ್ಲ ಎಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ್ದರೂ, ಇಷ್ಟಲಿಂಗ ಕಟ್ಟಿಕೊಂಡ ಮನೆಯ ಹುಡುಗಿಯರು ಮುಟ್ಟಾದಾಗ ಇಂದಿಗೂ ಹಿತ್ತಲ ಕಟ್ಟೆಯ ಮೇಲೆ ಕೂಡುವುದಕ್ಕೆ ಕಾರಣವೂ ಈ ಬಗೆಯ ಹೇಳುವಿಕೆಯೇ ಇರಬೇಕು.

ಕಾನೂನು ತನ್ನ ಕೆಲಸವನ್ನು ತಡವಾಗಿಯಾದರೂ ಮಾಡಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲಿ ಮಗಳಿಗೂ ಹುಟ್ಟಿನ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು; 1989ರಲ್ಲಿ ಮದುವೆಯಾದ ನಾನು ಹಾಗೆ ಹೊರಗುಳಿದವಳು. ಕೇಂದ್ರದ ತಿದ್ದುಪಡಿ 2005ರಲ್ಲಿ ನನ್ನಂಥವರನ್ನೂ ಒಳಗೆ ಕರೆಯಿತು. ಅಂದರೆ ಒಂಬತ್ತು ಶತಮಾನ ಮುಚ್ಚಿದ್ದ ಬಾಗಿಲು ತೆರೆದ ಮೂರನೆಯ ವರ್ಷಕ್ಕೇ, ಉಡಿಯಲ್ಲಿ ಕೊಬ್ಬರಿ ಬಟ್ಟಲಿಟ್ಟುಕೊಂಡು, ನಾನೇ ಅದನ್ನು ಎಳೆದುಕೊಂಡು ಬಂದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಬೇಡವೆಂದರೆ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ ಎಂಬ ಭಯವಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ, ಕೇಳುವವಳು ಆಸೆಬುರುಕಿ, ಬಿಡುವವಳು ಪುಣ್ಯವಂತೆ ಎಂಬುದನ್ನು ನಾನು ಸ್ವತಃ ನಂಬಿದ್ದೆ. ಅಣ್ಣಂದಿರು ಕೆಟ್ಟವರಲ್ಲ, ತಂಗಿಯರ ಮೂರು ಪಾಲನ್ನು ತಮ್ಮದರೊಂದಿಗೆ ಸೇರಿಸಿಕೊಳ್ಳುವುದು ಆಸೆಯಾಗಬಹುದೆಂದು ಅವರಿಗೆ ಯಾವ ಪುರಾಣದಲ್ಲಿಯೂ ಯಾರೂ ಹೇಳಿರಲಿಲ್ಲ.

ಈ ಶ್ರಾವಣದಲ್ಲಿ ನಮ್ಮೂರಿನ ಗುಡಿಯಲ್ಲಿ ಒಂದು ಸಂಜೆ ಮಾತನಾಡಲು ನಿವೃತ್ತ ಶಿಕ್ಷಕಿ ಎಂಬ ಕಾರಣಕ್ಕೆ ನನ್ನನ್ನು ಕರೆದಿದ್ದಾರೆ. ಲಕ್ಕಮ್ಮನ ಕುರಿತು ಹೇಳುತ್ತೇನೆಂದು ಒಪ್ಪಿಕೊಂಡು, ಅಣ್ಣಂದಿರಿಬ್ಬರಿಗೂ ಫೋನ್ ಮಾಡಿ, ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂಡಬೇಕೆಂದು ಹೇಳಿದೆ. ಚಿಕ್ಕಣ್ಣ ಬರುತ್ತೇನೆಂದ. ದೊಡ್ಡಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಟಿ ಹಚ್ಚೀವಿ ತಂಗಿ, ಆಳು ಸಿಗವಲ್ವು, ನೋಡ್ತೀನಿ" ಎಂದ.