ಜೇಡರ ಬಲೆಗೂ ಹಸಿರು ಪೇಂಟು

ಇವತ್ತು ಬೆಳಿಗ್ಗೆ ಮೂಡಿಗೆರೆ ಕಡೆ ಒಂದು ಕಬ್ಬಿಣದ ಕಾಲುಸಂಕಕ್ಕೆ ಪೇಂಟ್ ಹೊಡೀತಿದ್ರು. ಮೇಲಿಂದ ಜಿಟಿಜಿಟಿ ಸೋನೆ. ಕಂಬಿಯ ತುಕ್ಕು ಹಪ್ಪಳದ ಹಾಗೆ ಎದ್ದು ನಿಂತಿದೆ, ಅದರ ಮೇಲೇ ಹಸಿರು ಎನಾಮೆಲ್! ಕೆರೆದಿಲ್ಲ, ಉಜ್ಜಿಲ್ಲ. ಮೂಲೆಯಲ್ಲಿದ್ದ ಜೇಡರ ಬಲೆಗೂ ಒಂದು ಕೋಟು ಬಿದ್ದಿತ್ತು ಮಾರಾಯ್ರೇ.

ತುಕ್ಕಿನ ಮೇಲೆ ಹೊಡೆದ ಪೇಂಟು ಹಿಡಿದುಕೊಳ್ಳೋದು ತುಕ್ಕನ್ನು, ಕಬ್ಬಿಣವನ್ನಲ್ಲ. ತುಕ್ಕು ಉದುರಿದ ದಿನ ಅದೂ ಉದುರುತ್ತೆ. ಅಲ್ಲಿವರೆಗೆ ಒಳಗಿನ ಹುಳುಕು ಯಾರ ಕಣ್ಣಿಗೂ ಬೀಳಲ್ಲ. ಲಾಭ ಅಂತಿದ್ರೆ ಅದೊಂದೇ, ಅದೂ ಬಿಲ್ ಮಾಡಿದವರಿಗೆ.

ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಟೈನ್ ನದಿಗೆ ಅಡ್ಡಲಾಗಿ ಉಕ್ಕಿನ ಕಮಾನು ಸೇತುವೆಯೊಂದಿದೆ. 1928ರಲ್ಲಿ ತೆರೆದದ್ದು, ಒಂದೇ ಕಮಾನು 162 ಮೀಟರ್ ದಾಟುತ್ತೆ. ಅದರ ಬಣ್ಣವೂ ಹಸಿರೇ! ತುದಿಯ ಗ್ರಾನೈಟ್ ಗೋಪುರಗಳು ಕಮಾನನ್ನು ಹೊತ್ತಿವೆ ಅಂತ ನೋಡಿದವರಿಗೆ ಅನ್ನಿಸುತ್ತೆ. ಹೊತ್ತಿಲ್ಲ. ಕಮಾನಿನ ಭಾರವೆಲ್ಲ ಕಮಾನಿನಲ್ಲೇ ಇಳಿದು ಬುಡದ ಪಿನ್ನುಗಳ, ಅಂದ್ರೆ ಬಾಗಿಲ ಕೀಲಿನಂಥ ಉಕ್ಕಿನ ಗೂಟಗಳ ಮೇಲೆ ಕೂರುತ್ತೆ. ಬಿಸಿಲಿಗೆ ಉಕ್ಕು ಹಿಗ್ಗಿದಾಗ ಕಮಾನು ಆ ಪಿನ್ನಿನ ಮೇಲೆ ಒಂಚೂರು ಹೊರಳಬೇಕು. ಇಂಥ ಸೇತುವೆಗಳಲ್ಲಿ ರಸ್ತೆಯ ನೀರು, ಕೆಸರು, ಹಕ್ಕಿ ಹಿಕ್ಕೆ ಜಾರಿ ಬಂದು ಸೇರೋದೂ ಬುಡದಲ್ಲೇ. ಅಲ್ಲಿ ತುಕ್ಕು ಕಚ್ಚಿಕೊಂಡರೆ ಹೊರಳೋದು ನಿಲ್ಲುತ್ತೆ, ಆ ಒತ್ತಡವನ್ನು ಬೇರೆಲ್ಲೋ ಇನ್ನೊಂದು ಭಾಗ ತಿನ್ನಬೇಕಾಗುತ್ತೆ.

ರಿವೆಟ್ (ತಲೆ ಬಡಿದು ಕೂರಿಸೋ ಗಟ್ಟಿ ಮೊಳೆ) ಹೊಡೆದ ಪ್ಲೇಟುಗಳ ಸಂದಿ ಇನ್ನೂ ಕೆಟ್ಟದ್ದು. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಗೋಡೆ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡದ ಹಾಗೆ ಪ್ಲೇಟುಗಳನ್ನು ಸರಿಸುತ್ತಾ ಸರಿಸುತ್ತಾ ಕೊನೆಗೆ ರಿವೆಟ್ಟಿನ ತಲೆಯನ್ನೇ ಹಾರಿಸುತ್ತೆ. ಮೇಲೆ ಹಸಿರು ಹೊಡೀರಿ, ಕೆಂಪು ಹೊಡೀರಿ, ಅದಕ್ಕೇನು?

ಆ ಸೇತುವೆಗೆ 2024ರಲ್ಲಿ ದೊಡ್ಡ ರಿಪೇರಿ ಹಿಡಿದರು. ಓಡಾಟಕ್ಕೆ ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು ಬಿಟ್ಟು, ನೂರು ವರ್ಷ ತುಂಬುವ 2028ಕ್ಕೆ ಮುಗಿಸೋ ಲೆಕ್ಕದಲ್ಲಿ. ಸೇತುವೆಯಲ್ಲಿ ಗೂಡು ಕಟ್ಟುವ ಕಿಟಿವೇಕ್ ಅನ್ನೋ ಕಡಲಹಕ್ಕಿಗೂ ಜಾಗ ಉಳಿಸಿಕೊಂಡೇ ಕೆಲಸ. ನಮ್ಮಲ್ಲಿ ಜೇಡಕ್ಕೂ ಕರುಣೆ ಇಲ್ಲ.

ದೊಡ್ಡ ಸೇತುವೆಗೆ ಪೇಂಟ್ ಹೊಡೆಯೋದಂದ್ರೆ ಮುಕ್ಕಾಲು ಪಾಲು ಕೆಲಸ ಡಬ್ಬಿ ತೆರೆಯೋ ಮುಂಚೆಯೇ. ಜಿಡ್ಡು, ಉಪ್ಪು ತೊಳೆದು, ಬ್ಲಾಸ್ಟಿಂಗ್ ಮಾಡಿ (ಮರಳಿನಂಥ ಚೂಪು ಕಣಗಳನ್ನು ಗಾಳಿಯ ರಭಸಕ್ಕೆ ಬಡಿಸಿ) ಬೂದುಬಣ್ಣದ ಬರೀ ಉಕ್ಕು ಕಾಣಿಸಬೇಕು. ಕಂಡ ಮೇಲೆ ಸುಮಾರು ನಾಲ್ಕು ಗಂಟೆಯೊಳಗೆ ಜಿಂಕ್ ಪ್ರೈಮರ್, 60-75 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ತಡವಾದರೆ ಮತ್ತೆ ಕೆಂಪು ಏರುತ್ತೆ. ಅಂಚು, ಬೋಲ್ಟ್, ವೆಲ್ಡಿಂಗ್ ಗೆರೆಗೆಲ್ಲ ಬ್ರಷ್ಷಿನಲ್ಲಿ ಪ್ರತ್ಯೇಕ ಕೋಟು, ಯಾಕಂದ್ರೆ ಚೂಪು ಅಂಚಿನಿಂದ ಪೇಂಟು ಹಿಂದೆ ಸರಿದು ಅಲ್ಲಿ ತೆಳ್ಳಗಾಗುತ್ತೆ. ಅದರ ಮೇಲೆ ಎಪಾಕ್ಸಿ ಪೇಂಟು, ಕೊನೆಗೆ ಪಾಲಿಯುರಿಥೇನ್ ಪೇಂಟು. ಗಾಳಿಯ ತೇವ ಶೇ. 85 ದಾಟಿದರೆ ಬ್ರಷ್ ಕೆಳಗಿಡಬೇಕು. ಸೋನೆಯಲ್ಲಿ ಹೊಡೆಯೋ ವಿದ್ಯೆ ನಮ್ಮವರಿಗೆ ಮಾತ್ರ ಸಿದ್ಧಿಸಿರೋದು!

"ಅವರ ಹತ್ರ ಪೌಂಡು ಇದೆ ಕಣ್ರೀ, ಹಳ್ಳದ ಸಂಕಕ್ಕೆ ಇಷ್ಟೆಲ್ಲ ಯಾಕೆ?" ಅಂತೀರಿ. ಸರಿ, ಬ್ಲಾಸ್ಟಿಂಗ್ ಬೇಡ. ತಂತಿ ಬ್ರಷ್, ಎಮರಿ ಪೇಪರ್, ಎರಡು ಕೋಟು ರೆಡ್ ಆಕ್ಸೈಡ್, ಕಾಫಿ ಕುಯ್ಲು ಮುಗಿದ ಮೇಲಿನ ನಾಲ್ಕು ಬಿಸಿಲು ದಿನ. ಇದಕ್ಕೂ ಪೌಂಡೇ ಬೇಕಾ? ಎನಾಮೆಲ್ಲಿಗೆ ಹೇಗೂ ದುಡ್ಡು ಸುರಿದಾಗಿದೆ. ನಿಜ ಹೇಳ್ತೀನಿ, ನನಗೆ ಹೊಟ್ಟೆಕಿಚ್ಚು ಆ ಸೇತುವೆಯ ಮೇಲಲ್ಲ, ಅದನ್ನು ಕೆರೆಯೋ ವ್ಯವಧಾನ ಇರೋರ ಮೇಲೆ.

ಅಂದಹಾಗೆ, ಕಂಬಿ ಪೈಪಿನ ಬುಡದಲ್ಲಿ ನೀರು ಹೋಗಲಿ ಅಂತ ಬಿಟ್ಟಿದ್ದ ತೂತುಗಳನ್ನೂ ಪೇಂಟು ಮುಚ್ಚಿದೆ. ಆ ಕಡೆ ಹೋಗೋರು ಒಂದು ಮೊಳೆ ಹಿಡಿದು ಚುಚ್ಚಿ ಬಿಡಿಸಿ. ಇವತ್ತೇ ಹೋದ್ರೆ ಸುಲಭ, ಇನ್ನೂ ಒಣಗಿಲ್ಲ.