ಬಿಡ್ತು ಅನ್ನಿ ಮಾರಾಯ್ರೆ

ಎಲ್ಲಿಗೆ ಹೊರಟರೂ ಆ ಪ್ರಯಾಣ ಹೇಗೆಲ್ಲ ಹಾಳಾಗಬಹುದು ಅಂತ ಲೆಕ್ಕ ಹಾಕುವುದು ನಮ್ಮ ಮನೆಯಲ್ಲಿ ನನ್ನ ಇಲಾಖೆ. ಶುಭ ನುಡಿಯೋ ಸೋಮ ಅಂದರೆ ಗೂಬೆ ಕಾಣ್ತದಲ್ಲೋ ಮಾಮ ಅಂದನಲ್ಲ, ಆ ಸೋಮ ನಮ್ಮ ಉಡುಪಿ ಕಡೆಯವನೇ ಇರಬೇಕು. ನಾನು ಬಾಯಿ ತೆರೆದರೆ ಸಾಕು, ಹೆಂಡತಿ "ಬಿಡ್ತು ಅನ್ನಿ ಮಾರಾಯ್ರೆ" ಅನ್ನುತ್ತಾಳೆ.

ಆದರೆ ಇದಕ್ಕೆ ಶಾಸ್ತ್ರದ ಆಧಾರ ಇದೆ. ಗ್ಯಾರಿ ಕ್ಲೈನ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 2007ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಅದರ ಹೆಸರು ಪ್ರೀಮಾರ್ಟಮ್. ಕೆಲಸ ಶುರು ಮಾಡುವ ಮೊದಲೇ ಅದು ಪೂರ್ತಿ ಎಕ್ಕುಟ್ಟಿ ಹೋಯಿತು ಅಂದುಕೊಳ್ಳಬೇಕು. ಆಮೇಲೆ ಯಾಕೆ ಹೋಯಿತು ಅಂತ ಕಾರಣ ಬರೆಯಬೇಕು. ಹೆಣ ಬೀಳುವ ಮೊದಲೇ ಪೋಸ್ಟ್‌ಮಾರ್ಟಮ್! ಇದನ್ನು ಹೇಳಿದ್ದಕ್ಕೆ ಹೆಂಡತಿ, "ನಿಮಗೆ ಅಮೆರಿಕದಲ್ಲೂ ಜನ ಇದ್ದಾರಾ?" ಅಂದಳು.

ಕಳೆದ ಜುಲೈಯಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸೋದರಮಾವನ ಷಷ್ಟಿಪೂರ್ತಿ. ಜುಲೈ, ಅದೂ ನಮ್ಮ ಉಡುಪಿಯ ಜುಲೈ! ಕಾರಣಗಳಿಗೆ ಬರವೇ? ಬಟ್ಟೆ ಒದ್ದೆಯಾದೀತು ಅಂತ ಸೂಟ್‌ಕೇಸಿನೊಳಗೆ ಪ್ಲಾಸ್ಟಿಕ್ ಹಾಸಿದೆ. ಕರೆಂಟು ಹೋದೀತು ಅಂತ ಟಾರ್ಚು. ಒಂದು ಕೊಡೆ ಮಡಚಿಕೊಂಡರೆ ಅಂತ ಇನ್ನೊಂದು ಕೊಡೆ. ಫೋನು ನೆನೆದೀತು ಅಂತ ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ರಬ್ಬರ್‌ಬ್ಯಾಂಡ್ ಹಾಕಿ, ಬ್ಯಾಗಿನ ತಳದಲ್ಲಿ ಟವೆಲಿನ ಅಡಿ ಇಟ್ಟೆ. ಕಲ್ಸಂಕದಲ್ಲಿ ರಿಕ್ಷಾ ಸಿಕ್ಕಿಹಾಕಿಕೊಂಡೀತು ಅಂತ ಸುಮ್ನೆ ಬೇಗ ಹೊರಟೆವು. ಅಲ್ಲಿ ನೋಡಿದರೆ ಯಾವ ಜಾಮೂ ಇಲ್ಲ. ಇಂದ್ರಾಳಿ ಸ್ಟೇಷನ್‌ಗೆ ಮುಕ್ಕಾಲು ಗಂಟೆ ಮೊದಲೇ ತಲುಪಿ, "ನೋಡಿದೆಯಾ?" ಅನ್ನುವ ಹಾಗೆ ಹೆಂಡತಿ ಮುಖ ನೋಡಿದೆ.

ರೈಲು ಹೋಗಿ ಮುಕ್ಕಾಲು ಗಂಟೆ ಆಗಿತ್ತು.

ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ಗುಡ್ಡ ಜರಿದೀತು, ಹಳಿಗೆ ಬಂಡೆ ಉರುಳೀತು ಅಂತ ರೈಲುಗಳನ್ನು ನಿಧಾನ ಓಡಿಸುತ್ತಾರೆ. ಜೋರು ಮಳೆಗೆ ಎದುರಿನದು ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗೆ ಇಳಿಸುತ್ತಾರೆ. ನಿಧಾನ ಹೋಗಬೇಕಲ್ವಾ, ಹಾಗಾಗಿ ಕೆಲವು ರೈಲುಗಳು ಬೇಗ ಹೊರಡುತ್ತವೆ. ಅಂದರೆ ನನಗಿಂತ ದೊಡ್ಡ ಸೋಮ ಅಲ್ಲಿ ಕೂತಿದ್ದಾನೆ! ಪ್ರತಿ ಮಾರ್ಚಿಗೆ ಹೋಗುವ ರೈಲು, ಟೈಮ್ ನೋಡುವುದೇನು ಅಂತ ನಾನು ನೋಡಿರಲಿಲ್ಲ. ಟಿಕೆಟ್ ಇದ್ದದ್ದು ಫೋನಿನಲ್ಲಿ. ರಬ್ಬರ್‌ಬ್ಯಾಂಡ್ ಬಿಚ್ಚಿ ನೋಡಿದರೆ ಭಾವನ ಏಳು ಮಿಸ್ಡ್ ಕಾಲ್. ಮಳೆಗಾಲದ ಟೈಮ್ ಗೊತ್ತುಂಟಲ್ಲ ಅಂತ ನೆನಪು ಮಾಡಲು ಪಾಪ ಬೆಳಿಗ್ಗೆಯಿಂದ ಒದ್ದಾಡಿದ್ದರು. ಫೋನು ಮಾತ್ರ ಒಂದು ಹನಿಯೂ ನೆನೆದಿರಲಿಲ್ಲ.

ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತು, ಮಾವನಿಗೆಂದು ಕಟ್ಟಿದ್ದ ಪತ್ರೊಡೆಯ ಡಬ್ಬಿ ಬಿಚ್ಚಿದಳು. ಶೀಟಿನ ಮೇಲೆ ಮಳೆ ಧೋ ಅನ್ನುತ್ತಿತ್ತು. ಒಂದು ತುಂಡು ನನ್ನ ಕೈಗಿಟ್ಟು, "ಕೆಸುವಿನ ಎಲೆ ತುರಿಸಿದರೆ ಅಂತ ಹುಳಿ ಸ್ವಲ್ಪ ಜಾಸ್ತಿಯೇ ಹಾಕಿದ್ದೇನೆ. ಮುಂದಾಲೋಚನೆ ನಿಮಗೆ ಮಾತ್ರ ಅಂತ ತಿಳಿಯಬೇಡಿ" ಅಂದಳು.

ಎರಡನೇ ತುಂಡಿಗೆ ಗಂಟಲು ತುರಿಸಲು ಶುರುವಾಯಿತು. ನಾನು ಹೇಳಲಿಲ್ಲ. ಮೂರನೆಯದನ್ನೂ ತಿಂದೆ.